ನೆಬ್ರಾಸ್ಕಾದ ಬೂದಿಯಿಂದ ಬ್ಯಾಡ್‌ಲ್ಯಾಂಡ್ಸ್‌ವರೆಗೆ: ಅಳಿದುಹೋದ ಗೊರಸಿನ ಪ್ರಾಣಿಗಳ ದಾರಿಯಲ್ಲಿ

ಅಮೆರಿಕದ ನೆಬ್ರಾಸ್ಕಾದಲ್ಲಿ ಜೋಳದ ಹೊಲ ಬಿಟ್ಟರೆ ನೋಡೋಕೆ ಏನಿದೆ ಅಂತ ಇಲ್ಲಿನವರೇ ಕೇಳುತ್ತಾರೆ. ಒಮಾಹಾದಲ್ಲಿ ಮನೆ ಮಾಡಿಕೊಂಡಿರುವ ನಾವೂ ರಜೆ ಸಿಕ್ಕಿದರೆ ಕೊಲರಾಡೋ ಕಡೆ ಓಡುವವರೇ. ಈ ಸಲ ಬೇಸಿಗೆಗೆ ಹಾಸನದಿಂದ ಮಾವ ಬಂದಿದ್ದರು. ಅವರು ನಿವೃತ್ತ ಪಶುವೈದ್ಯರು. ದನ, ಎಮ್ಮೆ, ಕುರಿ, ಕುದುರೆಗಳ ಬಾಯಿ ಬಿಡಿಸಿ, ಕಾಲೆತ್ತಿ ನೋಡುತ್ತಲೇ ಸರ್ವಿಸ್ ಮುಗಿಸಿದವರು. ಇಂಥವರನ್ನು ಮಾಲ್‌ಗೆ ಕರೆದುಕೊಂಡು ಹೋಗಿ ಏನು ಮಾಡೋದು? ಗೊರಸಿನ ಪ್ರಾಣಿಗಳನ್ನೇ ತೋರಿಸೋಣ, ಆದರೆ ಕೋಟಿ ವರ್ಷ ಹಿಂದಿನವನ್ನು ಅಂತ ನಾನು ಪ್ಲಾನ್ ಮಾಡಿದೆ. ಕಾರು ಓಡಿಸುವ ಕೆಲಸ ನಮ್ಮ ಮನೆಯವರದ್ದು.

ಈ ದಾರಿಯಲ್ಲಿ ಒಂದು ವಿಶೇಷ ಇದೆ. ಮುಂದೆ ಹೋಗುತ್ತ ಹೋಗುತ್ತ ನಾವು ನೋಡುವ ಮೂಳೆಗಳ ವಯಸ್ಸೂ ಹೆಚ್ಚುತ್ತದೆ. ಮೊದಲು 1 ಕೋಟಿ 20 ಲಕ್ಷ ವರ್ಷ, ಆಮೇಲೆ ಸುಮಾರು 2 ಕೋಟಿ, ಕೊನೆಗೆ 3 ಕೋಟಿ ದಾಟಿ ಇನ್ನೂ ಹಿಂದೆ.

ಮೊದಲ ದಿನ: ಆಶ್‌ಫಾಲ್

ಒಮಾಹಾದಿಂದ ಸುಮಾರು ಮೂರು ಗಂಟೆ ದಾರಿ. ರಾಯಲ್ ಅನ್ನುವ ಸಣ್ಣ ಊರು ಸಿಗುತ್ತದೆ. ಅಲ್ಲಿಂದ ಸ್ವಲ್ಪ ಮುಂದೆ ಹೋಗಿ ಉತ್ತರಕ್ಕೆ ತಿರುಗಿದರೆ ಆಶ್‌ಫಾಲ್ ಫಾಸಿಲ್ ಬೆಡ್ಸ್. ಸುತ್ತ ಹುಲ್ಲುಗಾವಲು, ಏರಿಳಿತದ ದಿಣ್ಣೆಗಳು. ಇಲ್ಲೊಂದು ಜಗತ್ಪ್ರಸಿದ್ಧ ಜಾಗ ಇದೆ ಅಂತ ಯಾರಿಗೂ ಅನ್ನಿಸೋದಿಲ್ಲ.

1971ರಲ್ಲಿ ಪಳೆಯುಳಿಕೆ ವಿಜ್ಞಾನಿ ಮೈಕ್ ವೂರೀಸ್ ಮತ್ತು ಅವರ ಹೆಂಡತಿ ಜೇನ್ ಇಲ್ಲಿ ಸುತ್ತುತ್ತಿದ್ದರು. ಜೋರು ಮಳೆಗೆ ಹೊಲದ ಅಂಚಿನ ಕೊರಕಲು ಕೊಚ್ಚಿಹೋಗಿತ್ತು. ಕೊರಕಲಿನ ಗೋಡೆಯಲ್ಲಿ ಬೂದಿಯ ಪದರ, ಅದರಿಂದ ಹೊರಗೆ ಇಣುಕುತ್ತಿದ್ದ ಒಂದು ಮರಿ ಘೇಂಡಾಮೃಗದ ತಲೆಬುರುಡೆ. ಬುರುಡೆ ಮಾತ್ರ ಸಿಕ್ಕಿದ್ದರೆ ಅದು ದೊಡ್ಡ ಸುದ್ದಿಯಲ್ಲ, ನೆಬ್ರಾಸ್ಕಾದಲ್ಲಿ ಅಂಥವು ಎಷ್ಟೋ ಸಿಕ್ಕಿವೆ. ಆದರೆ ಇದಕ್ಕೆ ಕುತ್ತಿಗೆ ಇತ್ತು, ಬೆನ್ನೆಲುಬು ಇತ್ತು, ಮೈಯೆಲ್ಲ ಇತ್ತು. 1978-79ರಲ್ಲಿ ನ್ಯಾಷನಲ್ ಜಿಯಾಗ್ರಫಿಕ್ ಸೊಸೈಟಿಯ ನೆರವಿನಿಂದ ದೊಡ್ಡದಾಗಿ ಅಗೆದಾಗ ಒಂದರ ಪಕ್ಕ ಒಂದು ಇಡೀ ಇಡೀ ಅಸ್ಥಿಪಂಜರಗಳು ಎದ್ದವು. ಇಲ್ಲಿಯವರೆಗೆ ನೂರಕ್ಕೂ ಹೆಚ್ಚು ಘೇಂಡಾಮೃಗಗಳು ಸಿಕ್ಕಿವೆ. 1991ರಲ್ಲಿ ಪಾರ್ಕ್ ಆಗಿ ಜನರಿಗೆ ತೆರೆದರು.

ಇಲ್ಲಿ ಮಾಡಿದ ಒಂದು ತೀರ್ಮಾನ ನನಗೆ ತುಂಬಾ ಇಷ್ಟ. ಮೂಳೆಗಳನ್ನು ಎತ್ತಿಕೊಂಡು ಮ್ಯೂಸಿಯಂಗೆ ಸಾಗಿಸೋದು ಬೇಡ, ಬಿದ್ದಲ್ಲೇ ಇರಲಿ, ಅವುಗಳ ಮೇಲೆ ಸೂರು ಕಟ್ಟೋಣ ಅಂದರು. ಈಗ ಇರುವ ದೊಡ್ಡ ಕಟ್ಟಡಕ್ಕೆ ರೈನೋ ಬಾರ್ನ್ ಅಂತಲೇ ಹೆಸರು. ಒಳಗೆ ಮರದ ನಡೆಹಾದಿ. ಅದರ ಕೆಳಗೆ, ಕೈ ಚಾಚಿದರೆ ಸಿಗುತ್ತವೇನೋ ಅನ್ನುವಷ್ಟು ಹತ್ತಿರದಲ್ಲಿ, ಬಿಳಿ ಬೂದಿಯ ಮೇಲೆ ಘೇಂಡಾಮೃಗಗಳು ಮಲಗಿವೆ. ಕೆಲವು ಕಾಲು ಮಡಿಸಿ ಕುಳಿತ ಹಾಗೇ ಸತ್ತಿವೆ. ತಾಯಿಯ ಪಕ್ಕದಲ್ಲಿ ಮರಿ. ಹೊಟ್ಟೆಯಲ್ಲಿ ಇನ್ನೂ ಹುಟ್ಟದ ಮರಿಯ ಮೂಳೆಗಳೂ ಕೆಲವಲ್ಲಿ ಸಿಕ್ಕಿವೆ.

ಈ ಪ್ರಾಣಿಯ ಹೆಸರು ಟೆಲಿಯೋಸೆರಸ್. ಪೀಪಾಯಿಯಂಥ ಮೈ, ತೀರಾ ಗಿಡ್ಡ ಕಾಲು, ಮೂಗಿನ ತುದಿಯಲ್ಲಿ ಚಿಕ್ಕ ಕೊಂಬು. ಮಾವ ಕಂಬಿ ಹಿಡಿದುಕೊಂಡು ಬಹಳ ಹೊತ್ತು ಬಗ್ಗಿ ನೋಡಿದರು.

"ನೋಡಮ್ಮ, ಆ ಕಾಲಿನ ಮೂಳೆ ಮೇಲೆ ಒರಟಾಗಿ ಬೆಳೆದುಕೊಂಡಿದೆಯಲ್ಲ, ಅದು ಸಹಜವಾದದ್ದಲ್ಲ. ಶ್ವಾಸಕೋಶದ ಕಾಯಿಲೆ ಇದ್ದ ನಾಯಿಗಳಲ್ಲಿ ಇಂಥದ್ದು ನೋಡಿದ್ದೇನೆ. ಎಕ್ಸ್‌ರೇ ತೆಗೆದರೆ ಕಾಲಿನ ಮೂಳೆ ಊದಿಕೊಂಡಿರುತ್ತೆ."

ನಾನು ಬೋರ್ಡು ಓದಿ ಹೇಳುವ ಮೊದಲೇ ಅವರು ಕಾಯಿಲೆ ಹಿಡಿದುಬಿಟ್ಟಿದ್ದರು. ನಡೆದದ್ದು ಹೀಗೆ. ಇಲ್ಲಿಂದ ಸುಮಾರು 1,600 ಕಿಲೋಮೀಟರ್ ದೂರದ ಈಗಿನ ಐಡಹೋದಲ್ಲಿ ಒಂದು ಭಾರಿ ಜ್ವಾಲಾಮುಖಿ ಸಿಡಿಯಿತು. ಈಗ ಯೆಲ್ಲೋಸ್ಟೋನ್ ಪಾರ್ಕಿನ ಕೆಳಗಿರುವ ಭೂಗರ್ಭದ ಬಿಸಿ ಆಗ ಐಡಹೋದ ಕೆಳಗಿತ್ತು. ಬೂದಿ ಗಾಳಿಯಲ್ಲಿ ಬಂದು ಈ ಬಯಲನ್ನೆಲ್ಲ ಮುಚ್ಚಿತು. ಜ್ವಾಲಾಮುಖಿಯ ಬೂದಿ ಒಲೆಯ ಬೂದಿಯ ಹಾಗಲ್ಲ. ಅದು ಗಾಜಿನ ಚೂರು. ನೆಬ್ರಾಸ್ಕಾದಲ್ಲಿ ಇಂಥ ಬೂದಿಯನ್ನು ಅಗೆದು ಪಾತ್ರೆ ತಿಕ್ಕುವ ಪುಡಿಗೆ ಹಾಕುತ್ತಿದ್ದರು ಅಂದರೆ ಅದು ಎಷ್ಟು ಹರಿತ ಅಂತ ಊಹಿಸಬಹುದು. ಪ್ರಾಣಿಗಳು ಹುಲ್ಲು ಮೇಯುತ್ತ ಅದನ್ನೇ ಉಸಿರಾಡಿದವು. ಶ್ವಾಸಕೋಶ ಕೆಟ್ಟಿತು, ಜ್ವರ ಬಂತು, ಬಾಯಾರಿಕೆಗೆ ಎಲ್ಲವೂ ಇದೊಂದು ನೀರಿನ ಹೊಂಡಕ್ಕೆ ಬಂದವು.

ಸತ್ತ ಸರದಿಯೂ ಪದರಗಳಲ್ಲಿ ಹಾಗೇ ಉಳಿದಿದೆ. ತೀರಾ ಕೆಳಗೆ ಹಕ್ಕಿಗಳು ಮತ್ತು ಆಮೆಗಳು. ಕಿರೀಟದ ಕೊಕ್ಕರೆಯ ಜಾತಿಯ ಹಕ್ಕಿಯೂ ಇದೆ. ಅದರ ಮೇಲೆ ಕಸ್ತೂರಿ ಮೃಗದಂಥ ಸಣ್ಣ ಪ್ರಾಣಿಗಳು. ಆಮೇಲೆ ಕುದುರೆಗಳು, ಒಂಟೆಗಳು. ಎಲ್ಲಕ್ಕಿಂತ ಮೇಲೆ ಘೇಂಡಾಮೃಗಗಳು. ಶ್ವಾಸಕೋಶ ಸಣ್ಣದಿದ್ದಷ್ಟೂ ಬೇಗ ಸಾವು. ದೊಡ್ಡ ಪ್ರಾಣಿಗಳು ವಾರಗಟ್ಟಲೆ ನರಳಿವೆ. ಅವು ಓಡಾಡಿದ ಹೆಜ್ಜೆ ಗುರುತುಗಳೂ ಬೂದಿಯಲ್ಲಿ ಅಚ್ಚಾಗಿವೆ. ಗಾಳಿ ಬೂದಿಯನ್ನು ಹೊಂಡಕ್ಕೆ ತಳ್ಳುತ್ತಲೇ ಇತ್ತು. ಹಾಗಾಗಿ ಹೆಣಗಳು ಬೇಗ ಮುಚ್ಚಿಹೋದವು, ಮೂಳೆಗಳು ಚೆದುರಲಿಲ್ಲ. ಗಂಟಲಿನ ಸಣ್ಣ ಮೂಳೆಗಳೂ ಇದ್ದಲ್ಲೇ ಇವೆ. ಕೆಲವು ಘೇಂಡಾಮೃಗಗಳ ಹಲ್ಲಿನ ಸಂದಿಯಲ್ಲಿ, ಗಂಟಲಲ್ಲಿ, ಕೊನೆಯ ತುತ್ತಿನ ಹುಲ್ಲಿನ ಬೀಜ ಸಿಕ್ಕಿದೆ.

ಬಾರ್ನ್‌ನ ಒಂದು ಮೂಲೆಯಲ್ಲಿ ಕಾಲೇಜು ಹುಡುಗಿಯೊಬ್ಬಳು ಮಂಡಿಯೂರಿ ಕುಳಿತು ಬ್ರಷ್ಷು ಮತ್ತು ಚೂಪು ಕಡ್ಡಿ ಹಿಡಿದು ಬೂದಿ ಬಿಡಿಸುತ್ತಿದ್ದಳು. ಬೇಸಿಗೆಯಲ್ಲಿ ವಿದ್ಯಾರ್ಥಿಗಳು ಇಲ್ಲಿ ಕೆಲಸ ಮಾಡುತ್ತಾರೆ. ಕೇಳಿದ್ದಕ್ಕೆಲ್ಲ ಉತ್ತರ ಕೊಡುತ್ತಾರೆ. ಮಾವ ತಮ್ಮ ಇಂಗ್ಲಿಷಿನಲ್ಲಿ ನೇರವಾಗಿ ಕೇಳಿದರು, ಇದರ ವಯಸ್ಸು ಹೇಗೆ ಹೇಳ್ತೀರಿ ಅಂತ. ಅವಳು ದವಡೆ ತೋರಿಸಿ, ಯಾವ ಹಲ್ಲು ಹುಟ್ಟಿದೆ, ಯಾವುದು ಎಷ್ಟು ಸವೆದಿದೆ ನೋಡಿ ಹೇಳ್ತೀವಿ ಅಂದಳು. ಮಾವನಿಗೆ ಖುಷಿಯೋ ಖುಷಿ. ನಮ್ಮಲ್ಲಿ ಜಾತ್ರೆಯಲ್ಲಿ ಎತ್ತು ಕೊಳ್ಳುವಾಗ ಎರಡು ಹಲ್ಲು, ನಾಲ್ಕು ಹಲ್ಲು, ಬಾಯಿಗೂಡಿದ್ದು ಅಂತ ನೋಡುತ್ತೇವೆ ಅಂತ ಅವಳಿಗೆ ವಿವರಿಸಿದರು. ಅವಳು ಕೆಲಸ ನಿಲ್ಲಿಸಿ ಕೇಳಿಸಿಕೊಂಡಳು.

ಹಲ್ಲಿನಿಂದ ತಿಳಿದದ್ದು ವಯಸ್ಸು ಮಾತ್ರವಲ್ಲ. ಗಂಡಿಗೆ ಕೆಳದವಡೆಯ ಕೋರೆ ದೊಡ್ಡದು, ಹೆಣ್ಣಿಗೆ ಸಣ್ಣದು. ಲೆಕ್ಕ ಹಾಕಿದರೆ ಇಲ್ಲಿ ಹೆಣ್ಣು ಮತ್ತು ಮರಿಗಳೇ ಜಾಸ್ತಿ, ಬೆಳೆದ ಗಂಡು ಕಡಿಮೆ. ಅಂದರೆ ಕೆಲವೇ ಗಂಡುಗಳಿದ್ದ ಹಿಂಡು. ಒಂದೇ ಒಂದು ಅಸ್ಥಿಪಂಜರದಿಂದ ಇದೆಲ್ಲ ತಿಳಿಯುತ್ತಿರಲಿಲ್ಲ. ಎಲ್ಲವೂ ಬಿದ್ದಲ್ಲೇ ಬಿದ್ದಿದ್ದರಿಂದ ಒಂದು ಹಿಂಡಿನ ಸಂಸಾರವೇ ನಮ್ಮ ಕಣ್ಣೆದುರಿಗಿದೆ.

ಕುದುರೆಗಳನ್ನೂ ಮರೆಯಬಾರದು. ಐದು ಬಗೆಯ ಕುದುರೆಗಳು ಇದೇ ಹೊಂಡದಲ್ಲಿ ಸತ್ತಿವೆ. ಹೆಚ್ಚಿನವಕ್ಕೆ ಕಾಲಿಗೆ ಮೂರು ಬೆರಳು. ನಡುವಿನ ಗೊರಸು ದೊಡ್ಡದು, ಅಕ್ಕಪಕ್ಕ ಎರಡು ಸಣ್ಣವು. ನಮ್ಮ ಕಾಲದ ಕುದುರೆಯ ಹಾಗೆ ಒಂಟಿ ಗೊರಸಿನ ಜಾತಿಯೂ ಆಗಲೇ ಅವುಗಳ ಜೊತೆ ಓಡಾಡಿಕೊಂಡಿತ್ತು. ಕುದುರೆ, ಒಂಟೆ ಎರಡರ ವಂಶವೂ ಬೆಳೆದದ್ದು ಇದೇ ಉತ್ತರ ಅಮೆರಿಕದಲ್ಲಿ. ಇಲ್ಲಿಂದ ಏಷ್ಯಾಕ್ಕೆ ಹೋದವು ಉಳಿದವು, ಇಲ್ಲೇ ಇದ್ದವು ಅಳಿದವು. ಒಂಟೆ ಅಂದರೆ ರಾಜಸ್ಥಾನ ಅಂದುಕೊಂಡಿದ್ದ ಮಾವನಿಗೆ ಇದು ಕೊನೆಯವರೆಗೂ ಅರಗಲಿಲ್ಲ.

ಎರಡನೇ ದಿನ: ಸ್ಯಾಂಡ್‌ಹಿಲ್ಸ್ ದಾಟಿ

ಇಡೀ ದಿನ ಹೈವೇ 20ರಲ್ಲೇ ಪ್ರಯಾಣ. ಸ್ಯಾಂಡ್‌ಹಿಲ್ಸ್ ಅಂದರೆ ಹುಲ್ಲು ಹೊದ್ದ ಮರಳುಗುಡ್ಡಗಳು, ಸುಮಾರು 50,000 ಚದರ ಕಿಲೋಮೀಟರ್. ಮನುಷ್ಯರಿಗಿಂತ ದನ ಜಾಸ್ತಿ. ಮಾವ ಕಿಟಕಿಯಲ್ಲಿ ಕರಿ ಆಂಗಸ್ ದನಗಳನ್ನು ನೋಡುತ್ತ ಹೋದರು. ವ್ಯಾಲೆಂಟೈನ್‌ನಲ್ಲಿ ನಿಲ್ಲಿಸಿ, ಕಟ್ಟಿಕೊಂಡು ಬಂದಿದ್ದ ಚಿತ್ರಾನ್ನ ತಿಂದೆವು. ರಾತ್ರಿ ಶಾಡ್ರನ್‌ನಲ್ಲಿ ಉಳಿದೆವು.

ಮೂರನೇ ದಿನ: ಆಗೇಟ್

ಹ್ಯಾರಿಸನ್ ಊರಿನಿಂದ ದಕ್ಷಿಣಕ್ಕೆ ಅರ್ಧ ಗಂಟೆಯ ದಾರಿ. ಆಗೇಟ್ ಫಾಸಿಲ್ ಬೆಡ್ಸ್ ಇರುವುದು ನಯೋಬ್ರಾರಾ ನದಿಯ ದಂಡೆಯಲ್ಲಿ. ನದಿ ಅಂದರೆ ಇಲ್ಲಿ ನಮ್ಮೂರ ಹಳ್ಳದಷ್ಟೇ. ಇದು ಜೇಮ್ಸ್ ಕುಕ್ ಅನ್ನುವವರ ದನದ ರಾಂಚ್ ಆಗಿತ್ತು. ಗುಡ್ಡದಲ್ಲಿ ಮೂಳೆ ಇರುವುದನ್ನು ಅವರು ಹಿಂದೆಯೇ ಗಮನಿಸಿದ್ದರು. 1904ರಲ್ಲಿ ಪಿಟ್ಸ್‌ಬರ್ಗ್‌ನ ಕಾರ್ನೆಗೀ ಮ್ಯೂಸಿಯಂನಿಂದ ಓಲಾಫ್ ಪೀಟರ್ಸನ್ ಬಂದು ಅಗೆದರು. ಆಮೇಲೆ ನೆಬ್ರಾಸ್ಕಾ ವಿಶ್ವವಿದ್ಯಾಲಯ, ನ್ಯೂಯಾರ್ಕಿನ ಅಮೆರಿಕನ್ ಮ್ಯೂಸಿಯಂ ಎಲ್ಲರೂ ಬಂದರು. ಅಗೆದವರ ಹೆಸರಿನಲ್ಲೇ ಎರಡು ಗುಡ್ಡಗಳು ಇವೆ: ಕಾರ್ನೆಗೀ ಹಿಲ್ ಮತ್ತು ಯೂನಿವರ್ಸಿಟಿ ಹಿಲ್.

ವಿಸಿಟರ್ ಸೆಂಟರ್‌ನಲ್ಲಿ ಅಸ್ಥಿಪಂಜರಗಳನ್ನು ನಿಂತ ಹಾಗೆ ಜೋಡಿಸಿದ್ದಾರೆ. ಹಂದಿ ಗಾತ್ರದ ಪುಟ್ಟ ಘೇಂಡಾಮೃಗ ಮೆನೋಸೆರಸ್ ಇಲ್ಲಿ ರಾಶಿ ರಾಶಿ ಸಿಕ್ಕಿದೆ. ಗಂಡಿಗೆ ಮೂಗಿನ ಮೇಲೆ ಎರಡು ಕೊಂಬು, ಒಂದರ ಹಿಂದೆ ಒಂದಲ್ಲ, ಅಕ್ಕಪಕ್ಕ. ಇಲ್ಲೂ ಕಾರಣ ನೀರೇ. ಬರಗಾಲದಲ್ಲಿ ಬತ್ತುತ್ತಿದ್ದ ಹೊಂಡದ ಸುತ್ತ ಪ್ರಾಣಿಗಳು ಸೇರಿ, ಮೇವಿಲ್ಲದೆ ಅಲ್ಲೇ ಸತ್ತವು. ಮಳೆ ಬಂದಾಗ ಮೂಳೆಗಳು ಕಲಸಿಹೋದವು. ಆಶ್‌ಫಾಲ್‌ನ ಹಾಗೆ ಇಡೀ ದೇಹ ಉಳಿಯಲಿಲ್ಲ.

ಡಿಯೋಡಾನ್ ಅನ್ನುವ ಪ್ರಾಣಿಯೂ ಅಲ್ಲಿದೆ. ನೋಡೋಕೆ ಹಂದಿ, ಭುಜದ ಎತ್ತರ ಮನುಷ್ಯನಷ್ಟು. ಗೊರಸಿದ್ದೂ ಹೆಣದ ಮೂಳೆ ಕಡಿಯುತ್ತಿದ್ದ ಪ್ರಾಣಿ. ಆದರೆ ನಾವು ಹೆಚ್ಚು ಹೊತ್ತು ನಿಂತದ್ದು ಮೊರೋಪಸ್ ಮುಂದೆ. ಕುದುರೆಯಂಥ ತಲೆ, ಮುಂಗಾಲು ಉದ್ದ, ಹಿಂಗಾಲು ಗಿಡ್ಡ. ಕುದುರೆ, ಘೇಂಡಾಮೃಗಗಳ ದಾಯಾದಿ. ಕಾಲಿನ ತುದಿಯಲ್ಲಿ ಮಾತ್ರ ಗೊರಸಿಲ್ಲ, ದೊಡ್ಡ ದೊಡ್ಡ ಉಗುರು!

"ಇದನ್ನ ಯಾರಾದರೂ ಜೋಡಿಸುವಾಗ ತಪ್ಪು ಮಾಡಿದ್ದಾರಾ?" ಅಂತ ಮಾವ ಕೇಳಿದರು.

ಆ ಅನುಮಾನ ಅವರೊಬ್ಬರದ್ದಲ್ಲ. ಇದೇ ಕುಟುಂಬದ ಪ್ರಾಣಿಯ ಉಗುರಿನ ಮೂಳೆಯೊಂದು ಯುರೋಪಿನಲ್ಲಿ ಬಿಡಿಯಾಗಿ ಸಿಕ್ಕಾಗ, ಪಳೆಯುಳಿಕೆ ಶಾಸ್ತ್ರದ ಪಿತಾಮಹ ಕುವಿಯೇ ಅದನ್ನು ದೈತ್ಯ ಚಿಪ್ಪುಹಂದಿಯದು ಅಂದುಕೊಂಡಿದ್ದರು. ಹಲ್ಲು ಒಂದು ಕಡೆ ಸಿಕ್ಕಿದರೆ ಗೊರಸಿನ ಪ್ರಾಣಿ, ಉಗುರು ಇನ್ನೊಂದು ಕಡೆ ಸಿಕ್ಕಿದರೆ ಚಿಪ್ಪುಹಂದಿ. ಎರಡೂ ಒಂದೇ ಮೈಯವು ಅಂತ ಗೊತ್ತಾಗಲು ಕಾಲ ಹಿಡಿಯಿತು. ಈ ಉಗುರಿನಿಂದ ಅವು ಮರದ ಕೊಂಬೆ ಬಗ್ಗಿಸಿಕೊಂಡು ಸೊಪ್ಪು ತಿನ್ನುತ್ತಿದ್ದವು ಅನ್ನುತ್ತಾರೆ.

ಕುಕ್ ಮನೆತನಕ್ಕೆ ಸೇರಿದ ಇನ್ನೊಂದು ಕಥೆಯನ್ನೂ ಇಲ್ಲಿ ಹೇಳಲೇಬೇಕು. ಜೇಮ್ಸ್ ಅವರ ಮಗ ಹೆರಾಲ್ಡ್ ಕುಕ್ ನೆಬ್ರಾಸ್ಕಾದಲ್ಲಿ ಸಿಕ್ಕ ಒಂದು ಹಲ್ಲನ್ನು ನ್ಯೂಯಾರ್ಕಿಗೆ ಕಳಿಸಿದರು. 1922ರಲ್ಲಿ ಹೆನ್ರಿ ಫೇರ್‌ಫೀಲ್ಡ್ ಆಸ್‌ಬಾರ್ನ್ ಅದು ಅಮೆರಿಕದ ಮೊದಲ ವಾನರದ ಹಲ್ಲು ಅಂತ ಸಾರಿದರು. ಪತ್ರಿಕೆಗಳು ಅದಕ್ಕೆ ನೆಬ್ರಾಸ್ಕಾ ಮಾನವ ಅಂತ ಹೆಸರಿಟ್ಟು ಚಿತ್ರವನ್ನೂ ಬರೆಸಿದವು. ಆದರೆ ಅದೇ ಜಾಗಕ್ಕೆ ಹೋಗಿ ಮತ್ತೆ ಅಗೆದಾಗ ಅದು ಪೆಕರಿ ಅನ್ನುವ, ಹಂದಿಯನ್ನು ಹೋಲುವ ಗೊರಸಿನ ಪ್ರಾಣಿಯ ಸವೆದ ಹಲ್ಲು ಅಂತ ತಿಳಿಯಿತು. 1927ರಲ್ಲಿ ಹೇಳಿಕೆಯನ್ನು ಹಿಂದಕ್ಕೆ ತೆಗೆದುಕೊಂಡರು. ಜಾಗಕ್ಕೆ ವಾಪಸ್ ಹೋಗಿ ನೋಡಿದ್ದರಿಂದಲೇ ಸತ್ಯ ಸಿಕ್ಕಿತು ಅನ್ನೋದು ನನಗೆ ಮುಖ್ಯ ಅನ್ನಿಸುತ್ತದೆ.

ಮಧ್ಯಾಹ್ನದ ಬಿಸಿಲಲ್ಲಿ ಗುಡ್ಡದವರೆಗೆ ನಡೆದೆವು. ಹೋಗಿ ಬರಲು ಸುಮಾರು ಮೂರು ಮೈಲಿ, ಕಾಲುದಾರಿ ಚೆನ್ನಾಗಿದೆ. ಬುಡುಬುಡಿಕೆ ಹಾವಿನ ಎಚ್ಚರಿಕೆ ಇದೆ, ನೋಡಿಕೊಂಡು ಕಾಲಿಡಬೇಕು. ಮೇಲೆ ಹತ್ತಿದರೆ ಹುಲ್ಲು, ಗಾಳಿ, ಹಳೆಯ ಕ್ವಾರಿಯ ಗುರುತು ಅಷ್ಟೇ. ಅಗೆದ ಮೂಳೆಗಳೆಲ್ಲ ನೂರು ವರ್ಷದ ಹಿಂದೆಯೇ ಪೆಟ್ಟಿಗೆಯಲ್ಲಿ ರೈಲು ಹತ್ತಿ ಊರೂರಿಗೆ ಹೋದವು. ಆ ಕಾಲದವರನ್ನು ನಾನು ದೂರೋದಿಲ್ಲ. ಅವರು ಹೊತ್ತೊಯ್ಯದಿದ್ದರೆ ಮೊರೋಪಸ್ ಅಸ್ಥಿಪಂಜರ ಜಗತ್ತಿಗೆ ಕಾಣುತ್ತಿರಲಿಲ್ಲ. ಆದರೂ ಮೊದಲ ದಿನ ಆಶ್‌ಫಾಲ್ ನೋಡಿ ಬಂದವರಿಗೆ ಇಲ್ಲಿ ಮನಸ್ಸು ಖಾಲಿ ಖಾಲಿ ಅನ್ನಿಸುತ್ತದೆ.

ಸೆಂಟರ್‌ನಲ್ಲಿ ಕುಕ್ ಸಂಗ್ರಹವನ್ನು ತಪ್ಪಿಸಿಕೊಳ್ಳಬೇಡಿ. ಇಲ್ಲಿನ ಮೂಲನಿವಾಸಿಗಳಾದ ಲಕೋಟಾ ಜನರ ನಾಯಕ ರೆಡ್ ಕ್ಲೌಡ್ ಜೇಮ್ಸ್ ಕುಕ್ ಅವರ ಆಪ್ತ ಸ್ನೇಹಿತ. ಅವರ ಕಡೆಯವರು ರಾಂಚ್‌ಗೆ ಬಂದಾಗ ಕೊಟ್ಟ ಉಡುಗೊರೆಗಳು, ಮಣಿ ಹೊಲಿದ ಚರ್ಮದ ಬಟ್ಟೆಗಳು ಇಲ್ಲಿವೆ.

ನಾಲ್ಕನೇ ದಿನ: ಪೈನ್ ರಿಡ್ಜ್ ದಾರಿ

ಟೋಡ್‌ಸ್ಟೂಲ್ ಜಿಯಾಲಾಜಿಕ್ ಪಾರ್ಕ್ ನೋಡಬೇಕು ಅಂತ ಇತ್ತು. ರಾತ್ರಿ ಮಳೆಗೆ ಮಣ್ಣಿನ ರಸ್ತೆ ಪೂರ್ತಿ ಕೆಸರು. ಬಿಟ್ಟುಬಿಟ್ಟೆವು.

ಉತ್ತರಕ್ಕೆ ತಿರುಗಿ, ದಕ್ಷಿಣ ಡಕೋಟಾದ ಪೈನ್ ರಿಡ್ಜ್ ಲಕೋಟಾ ಪ್ರದೇಶದ ಮೂಲಕ ಹೋದೆವು. 1874ರಲ್ಲಿ ಯೇಲ್‌ನ ಪ್ರೊಫೆಸರ್ ಓ. ಸಿ. ಮಾರ್ಶ್ ಮೂಳೆ ಹುಡುಕುತ್ತ ರೆಡ್ ಕ್ಲೌಡ್ ಏಜೆನ್ಸಿಗೆ, ಅಂದರೆ ಲಕೋಟಾ ಜನಕ್ಕೆ ರೇಷನ್ ಹಂಚುತ್ತಿದ್ದ ಸರ್ಕಾರಿ ಕಚೇರಿಗೆ, ಬಂದರು. ಚಿನ್ನ ಹುಡುಕೋಕೆ ಬಂದಿದ್ದಾರೆ ಅಂತ ಲಕೋಟಾ ಜನಕ್ಕೆ ಅನುಮಾನ. ಆ ಅನುಮಾನದಲ್ಲಿ ತಪ್ಪೇನಿತ್ತು? ಅವರ ನೆಲಕ್ಕೆ ಹೊರಗಿನವರು ಬರುತ್ತಿದ್ದದ್ದೇ ಅದಕ್ಕೆ. ಸರ್ಕಾರದ ರೇಷನ್ನು ಕೆಟ್ಟುಹೋಗಿದೆ ಅಂತ ರೆಡ್ ಕ್ಲೌಡ್ ಮಾರ್ಶ್‌ಗೆ ತೋರಿಸಿದರು. ಮಾರ್ಶ್ ಮೂಳೆ ತುಂಬಿಕೊಂಡು ಸುಮ್ನೆ ಹೋಗಲಿಲ್ಲ, ವಾಷಿಂಗ್ಟನ್ನಿನಲ್ಲಿ ಆ ದೂರನ್ನು ಎತ್ತಿ ಗಲಾಟೆಯನ್ನೇ ಮಾಡಿದರು. ಪಳೆಯುಳಿಕೆಯ ಇತಿಹಾಸದಲ್ಲಿ ನನಗೆ ಗೌರವ ಬರಿಸುವ ಒಂದು ಪ್ರಸಂಗ ಇದು.

ಸಂಜೆ ಬ್ಯಾಡ್‌ಲ್ಯಾಂಡ್ಸ್ ನ್ಯಾಷನಲ್ ಪಾರ್ಕ್ ತಲುಪಿದೆವು. ಬೂದು, ಕೆಂಪು, ಹಳದಿ ಪಟ್ಟೆಗಳ ಮಣ್ಣಿನ ಗೋಡೆಗಳು ಕಣ್ಣು ಹಾಯುವವರೆಗೂ ಇದ್ದವು.

ಕೊನೆಯ ದಿನ: ಬ್ಯಾಡ್‌ಲ್ಯಾಂಡ್ಸ್

ಇಲ್ಲಿನ ಮೆತ್ತನೆಯ ಕಲ್ಲು ವರ್ಷಕ್ಕೆ ಸುಮಾರು ಒಂದಿಂಚು ಸವೆಯುತ್ತದೆ. ಪ್ರತಿ ಮಳೆಗೂ ಹೊಸ ಮೂಳೆ ಹೊರಗೆ ಬರುತ್ತದೆ. ಲಕೋಟಾ ಜನ ಈ ದೈತ್ಯ ಮೂಳೆಗಳನ್ನು ಯಾವ ವಿಜ್ಞಾನಿಗಿಂತಲೂ ಮೊದಲೇ ಕಂಡಿದ್ದರು. ಗುಡುಗು ಮಳೆಯಾದ ಮೇಲೆ ಕಾಣಿಸುತ್ತಿದ್ದವಲ್ಲ, ಇವು ಗುಡುಗಿನ ಪ್ರಾಣಿಗಳು ಅಂದರು. ಆ ಮಾತನ್ನೇ ಹಿಡಿದು ಮಾರ್ಶ್ 1873ರಲ್ಲಿ ಬ್ರಾಂಟೋಥೀರಿಯಂ ಅಂತ ಹೆಸರಿಟ್ಟರು. ಈಗ ಮೆಗಾಸೆರಾಪ್ಸ್ ಅನ್ನುತ್ತಾರೆ. ಭುಜದವರೆಗೆ ಸುಮಾರು ಎರಡೂವರೆ ಮೀಟರ್ ಎತ್ತರ, ಮೂಗಿನ ಮೇಲೆ ಕವಲೊಡೆದ ಕೊಂಬು. ಘೇಂಡಾಮೃಗದ ಕೊಂಬಿನಲ್ಲಿ ಮೂಳೆ ಇರೋದಿಲ್ಲ, ಇದರದ್ದು ಪೂರ್ತಿ ಮೂಳೆ. ಈ ಜಾತಿಯ ದವಡೆಯ ತುಂಡೊಂದನ್ನು ಸೇಂಟ್ ಲೂಯಿಯ ಡಾಕ್ಟರ್ ಹೈರಮ್ ಪ್ರೌಟ್ 1846ರಲ್ಲಿ ವಿವರಿಸಿದ ಮೇಲೆ ವಿಜ್ಞಾನಿಗಳ ಕಣ್ಣು ಇತ್ತ ತಿರುಗಿತು. ಸುಮಾರು 3 ಕೋಟಿ 40 ಲಕ್ಷ ವರ್ಷದ ಹಿಂದೆ ಭೂಮಿ ತಣ್ಣಗಾಗುವ ಹೊತ್ತಿಗೆ ಇವುಗಳ ವಂಶವೇ ಮುಗಿದುಹೋಯಿತು.

1993ರಲ್ಲಿ ಕೊನಾಟಾ ಪಿಕ್ನಿಕ್ ಜಾಗದ ಹತ್ತಿರ ಇಬ್ಬರು ಪ್ರವಾಸಿಗರು ನೆಲದಿಂದ ಎದ್ದ ದೊಡ್ಡ ಬೆನ್ನೆಲುಬು ಕಂಡರು. ಮುಟ್ಟಲಿಲ್ಲ, ಹೋಗಿ ರೇಂಜರ್‌ಗೆ ಹೇಳಿದರು. ನಾಲ್ಕು ದಿನದ ಕೆಲಸ ಅಂದುಕೊಂಡು ಅಗೆಯೋಕೆ ಶುರು ಮಾಡಿದ್ದು 2008ರವರೆಗೆ ನಡೆಯಿತು. 19,000ಕ್ಕೂ ಹೆಚ್ಚು ಮೂಳೆಗಳು ಸಿಕ್ಕವು. ಮೊದಲು ಸಿಕ್ಕದ್ದು ಹಂದಿಯಂಥ ಪ್ರಾಣಿಯದು ಅಂದುಕೊಂಡು ಆ ಜಾಗಕ್ಕೆ ಬಿಗ್ ಪಿಗ್ ಡಿಗ್ ಅಂತ ಹೆಸರಿಟ್ಟಿದ್ದರು. ಬಿಡಿಸಿ ನೋಡಿದರೆ ಅದು ಸಬ್‌ಹೈರಕೋಡಾನ್ ಅನ್ನುವ ಕೊಂಬಿಲ್ಲದ ಘೇಂಡಾಮೃಗ. ಅದೂ ಬತ್ತುತ್ತಿದ್ದ ನೀರಿನ ಹೊಂಡವೇ. ಮೂರು ಕಡೆ, ಕೋಟಿ ಕೋಟಿ ವರ್ಷಗಳ ಅಂತರದಲ್ಲಿ, ಗೊರಸಿನ ಪ್ರಾಣಿಗಳ ಕಥೆ ನೀರಿನ ಹತ್ತಿರವೇ ಮುಗಿದಿದೆ.

ಪಾರ್ಕಿನ ಬೆನ್ ರೈಫೆಲ್ ವಿಸಿಟರ್ ಸೆಂಟರ್‌ನಲ್ಲಿ ಮೂಳೆ ಸ್ವಚ್ಛ ಮಾಡುವ ಲ್ಯಾಬ್ ಇದೆ, ಎದುರಿಗೇ ನಿಂತು ನೋಡಬಹುದು. 2010ರಲ್ಲಿ ಏಳು ವರ್ಷದ ಹುಡುಗಿಯೊಬ್ಬಳು ಈ ಸೆಂಟರ್ ಪಕ್ಕದಲ್ಲೇ ಕೋರೆಹಲ್ಲಿನ, ಬೆಕ್ಕಿನಂಥ ಪ್ರಾಣಿಯ ಒಂದು ತಲೆಬುರುಡೆ ಗುರುತಿಸಿ ತಿಳಿಸಿದಳು. ಅದು ಗೊರಸಿನ ಪ್ರಾಣಿಯಲ್ಲ, ಗೊರಸಿನವನ್ನು ಬೇಟೆಯಾಡುತ್ತಿದ್ದ ಪ್ರಾಣಿ.

ನಮಗೂ ಒಂದು ಅವಕಾಶ ಸಿಕ್ಕಿತು. ಟ್ರೇಲ್ ಅಂಚಿನಲ್ಲಿ ಮಾವ ತಟ್ಟನೆ ನಿಂತರು. ಬೂದು ಮಣ್ಣಿನಿಂದ ಬೆರಳುದ್ದದ ದವಡೆ ತುಂಡು ಹೊರಗೆ ಬಂದಿತ್ತು. ಕಂದು ಬಣ್ಣದ ಹಲ್ಲುಗಳು ಸಾಲಾಗಿ, ಹೊಳಪು ಹಾಗೇ ಇತ್ತು. ಹಲ್ಲಿನ ಮೇಲೆ ಅರ್ಧಚಂದ್ರದಂಥ ಗೆರೆಗಳು.

"ಇದು ಮೆಲುಕು ಹಾಕೋ ಪ್ರಾಣಿ ಕಣಮ್ಮ, ಹಲ್ಲೇ ಹೇಳುತ್ತೆ" ಅಂದರು. ಕೈ ಮಾತ್ರ ಹಿಂದಕ್ಕೆ ಕಟ್ಟಿಕೊಂಡೇ ಇದ್ದರು.

ಪಕ್ಕದಲ್ಲಿ ಪೆನ್ನು ಇಟ್ಟು ಫೋಟೋ ತೆಗೆದೆವು. ದೂರದಿಂದ ಸುತ್ತಲಿನ ಗುಡ್ಡಗಳೂ ಕಾಣುವ ಹಾಗೆ ಇನ್ನೊಂದು. ಫೋನಿನಲ್ಲಿ ಜಾಗದ ಗುರುತು ಹಾಕಿಕೊಂಡೆವು. ಸೆಂಟರ್‌ಗೆ ಬಂದು ಫಾರಂ ತುಂಬಿದೆವು. ರೇಂಜರ್ ಫೋಟೋ ನೋಡಿ, ಓರಿಯೋಡಾಂಟ್ ಇರಬೇಕು ಅಂದರು. ಕುರಿಯಷ್ಟಿದ್ದ ಈ ಪ್ರಾಣಿ ಇಲ್ಲಿ ಅತಿ ಹೆಚ್ಚು ಸಿಗುವ ಪಳೆಯುಳಿಕೆ, ಹಾಗಾಗಿ ಅಪರೂಪದ್ದೇನಲ್ಲ. ಆದರೂ ಅವರು ಯಾವ ಬಣ್ಣದ ಪದರ, ಗೋಡೆಯ ಎಷ್ಟು ಎತ್ತರದಲ್ಲಿ ಅಂತ ಎಲ್ಲ ಕೇಳಿ ಬರೆದುಕೊಂಡರು. ಯಾರಾದರೂ ನೆನಪಿಗೆ ಅಂತ ಜೇಬಿಗೆ ಹಾಕಿಕೊಂಡರೆ ಕಳೆದುಹೋಗೋದು ಈ ವಿವರ. ಕಾನೂನಿನ ಪ್ರಕಾರವೂ ಅದು ಅಪರಾಧ.

ವಾಪಸ್ ಬರುವಾಗ ಕಾರಿನಲ್ಲಿ ಮಾವ ಕೇಳಿದರು, "ನಮ್ಮ ಕಡೆ ಇಂಥದ್ದೇನೂ ಇಲ್ವಾ?"

ಇದೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ರಾಬರ್ಟ್ ಬ್ರೂಸ್ ಫೂಟ್ ಬೆಳಗಾವಿ ಜಿಲ್ಲೆಯ ಗೋಕಾಕದ ಹತ್ತಿರ ಹಳೆಯ ಮೆಕ್ಕಲು ಮಣ್ಣಿನಲ್ಲಿ ಘೇಂಡಾಮೃಗದ ಮೂಳೆಗಳನ್ನು ಕಂಡು, 1874ರಲ್ಲಿ ಅದಕ್ಕೆ ರೈನೋಸೆರಸ್ ಡೆಕ್ಕನೆನ್ಸಿಸ್ ಅಂತ ಹೆಸರಿಟ್ಟು ವಿವರಿಸಿದ್ದರು. ಮಾರ್ಶ್ ರೆಡ್ ಕ್ಲೌಡ್ ಏಜೆನ್ಸಿಗೆ ಬಂದದ್ದೂ ಅದೇ ವರ್ಷ. ಮಾವ ಸೀಟಿನಲ್ಲಿ ನೆಟ್ಟಗೆ ಕುಳಿತರು. ಅವರ ಹಳೆಯ ಸಹೋದ್ಯೋಗಿಯೊಬ್ಬರು ಗೋಕಾಕದಲ್ಲೇ ಮನೆ ಕಟ್ಟಿಕೊಂಡಿದ್ದಾರಂತೆ. ಊರಿಗೆ ಹೋದ ಮೇಲೆ ಮೊದಲು ಅವರಿಗೆ ಫೋನ್ ಮಾಡಿ, ಆ ಕಡೆಯ ಹಳ್ಳದ ದಂಡೆಗಳನ್ನು ಒಂದು ಸಲ ನೋಡಿಕೊಂಡು ಬರ್ತೀನಿ ಅಂದರು.